ಮರಿ ಬಿಡುವ ಹೊತ್ತು

ಮೊದಲು ಜುಂಜೇಶನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ಇಳಿಯುವುದಿಲ್ಲ. ನಮ್ಮ ದೊಡ್ಡಪ್ಪನ ಮಗ ಅವನು, ಟ್ರ್ಯಾಕ್ಟರ್ ಓಡಿಸುತ್ತಾನೆ. ಕಾರೆಗುಡ್ಡದ ನೆತ್ತಿಯಲ್ಲಿ ಹೊಗೆ ಎದ್ದು ಹತ್ತು ನಿಮಿಷವೂ ಆಗಿರಲಿಲ್ಲ, ನಮ್ಮ ಹಟ್ಟಿಯ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಹಾಕಿದ. ಮುಗಿಲು ಮುಟ್ಟುವ ಮರಗಳು ಉರಿಯುತ್ತಿವೆ, ಹಲಗೆಯಲ್ಲಿ ಕಟ್ಟಿದ ಎರಡಂತಸ್ತಿನ ಮನೆಗಳು ಕುಸಿಯುತ್ತಿವೆ, ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಅಳುತ್ತಿದ್ದಾಳೆ. ಕೆಳಗೆ ಇವನ ಬರಹ: "ನಮ್ಮ ಗುಡ್ಡ. ಈಗಿನ ದೃಶ್ಯ. ಎಲ್ಲರಿಗೂ ಕಳಿಸಿ." ನಮ್ಮ ಗುಡ್ಡದಲ್ಲಿ ಇರುವುದು ಬಾದೆ ಹುಲ್ಲು, ಸೊಂಟದೆತ್ತರದ ಮುಳ್ಳುಗಿಡ, ಅಲ್ಲೊಂದು ಇಲ್ಲೊಂದು ಜಾಲಿ.

"ಲೇ ಜುಂಜೇಶ, ಆ ಮರ ನಮ್ಮ ಗುಡ್ಡದಾಗೆ ಎಲ್ಲೈತೋ? ತೆಗಿಯೋ ಅದನ್ನ" ಎಂದು ಬರೆದೆ. ಅಷ್ಟರಲ್ಲಿ ಇಪ್ಪತ್ತು ಜನ ಕೈಮುಗಿಯುವ ಚಿತ್ರ ಹಾಕಿ ಆಗಿತ್ತು. ಒಬ್ಬರು "ಶುಭೋದಯ" ಅಂತ ಗುಲಾಬಿ ಹೂ ಕಳಿಸಿದರು, ಹೊತ್ತು ಹನ್ನೊಂದೂವರೆ. ಆ ಗ್ರೂಪಿಗೆ ನಾನೇ ಅಡ್ಮಿನ್. ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವವಳು, ಓದಿದವಳು, ಕಾವ್ಯಶ್ರೀ ಇದ್ದರೆ ಸುದ್ದಿ ಸರಿಯಾಗಿ ಬರುತ್ತದೆ ಅಂತ ಎಲ್ಲರೂ ಸೇರಿ ನನ್ನ ತಲೆಗೆ ಕಟ್ಟಿದ್ದರು. ನಾನೂ ಉಬ್ಬಿಹೋಗಿ ಒಪ್ಪಿಕೊಂಡಿದ್ದೆ.

ನಮ್ಮ ಕಾರೆಹಟ್ಟಿಯಲ್ಲಿ ಮೂವತ್ತೆಂಟು ಮನೆ. ಮನೆಗೊಂದು ಕುರಿ ರೊಪ್ಪ, ರೊಪ್ಪದ ಸುತ್ತ ಒಣಮುಳ್ಳಿನ ಬೇಲಿ, ಪಕ್ಕದಲ್ಲಿ ಮೇವಿನ ಬಣವೆ. ಒಂದು ಕಿಡಿ ಬಿದ್ದರೆ ಸಾಕು, ಎಲ್ಲ ಒಂದೇ ಉಸಿರಿಗೆ ಹೋಗುತ್ತದೆ. ಗುಡ್ಡ ನಮ್ಮ ಬೆನ್ನಿಗೇ ಇದೆ. ಅದರ ಒಂದು ಮಗ್ಗುಲು ಹಿರಿಯೂರಿಗೆ ಸೇರಿದ್ದು, ಇನ್ನೊಂದು ಹೊಸದುರ್ಗಕ್ಕೆ, ಬಡಗಲ ತುದಿ ಹೊಳಲ್ಕೆರೆಗೆ. ನೆತ್ತಿಯ ಮೇಲೆ ಕರೆಂಟು ತೆಗೆಯುವ ಗಾಳಿಯ ಫ್ಯಾನುಗಳು ಸಾಲಾಗಿ ನಿಂತಿವೆ.

ಆ ಗುಡ್ಡದ ಮೇಲೆ, ಆ ಹೊಗೆಯ ಹತ್ತಿರ ಎಲ್ಲೋ, ನಮ್ಮಪ್ಪ ಇದ್ದ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ನೂರಿಪ್ಪತ್ತು ಕುರಿ ಹೊಡೆದುಕೊಂಡು ಹೋದವನು.

ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ, ಸ್ವಿಚ್ ಆಫ್. ಹನ್ನೆರಡು ಸಲ ಮಾಡಿದ ಮೇಲೆ ಫೋನನ್ನು ಗೋಡೆಗೆ ಬಡಿಯಬೇಕು ಅನ್ನಿಸಿತು. ಯಾಕೆಂದರೆ ಹಾಗೆ ಆರಿಸಿಡು ಅಂತ ಅಪ್ಪನಿಗೆ ಕಲಿಸಿದವಳು ನಾನೇ.

ಹೋದ ಬೇಸಿಗೆಯ ಮಾತು. ಆಗಲೂ ಗುಡ್ಡಕ್ಕೆ ಬೆಂಕಿ ಬಿದ್ದಿತ್ತು. ಫಾರೆಸ್ಟಿನವರು ಅಪ್ಪನಿಗೆ ಫೋನ್ ಮಾಡಿ ಹೆಸರು ಹಿಡಿದು, "ಎತ್ತಪ್ಪ, ಎಲ್ಲಿದೀಯ? ಸ್ವಲ್ಪ ಬಾ, ಮಾತಾಡೋದೈತೆ" ಎಂದರು. ಇವನು ಪಾಪದವನು, ಬೆಂಕಿ ಆರಿಸಲು ಕರೆಯುತ್ತಿದ್ದಾರೆ ಅಂತ ಸೊಪ್ಪಿನ ಗೊಂಚಲು ಮುರಿದುಕೊಂಡು ಓಡಿಹೋದ. ಎರಡು ದಿನ ಆಫೀಸಿನ ಜಗುಲಿಯಲ್ಲಿ ಕೂರಿಸಿದರು. ಕೊಡಲಿ ಕಿತ್ತಿಟ್ಟುಕೊಂಡರು. ಹಸಿ ಹುಲ್ಲು ಚಿಗುರಲಿ ಅಂತ ಕುರಿ ಕಾಯುವವರೇ ಬೆಂಕಿ ಹಾಕುತ್ತಾರಂತೆ, ಒಪ್ಪಿಕೋ ಅಂತ. ಹಿಂದಿನವರು ಹಾಕುತ್ತಿದ್ದರು, ಅದು ಸುಳ್ಳಲ್ಲ. ಆದರೆ ನಮ್ಮಪ್ಪ ಬೀಡಿ ಸೇದಿದರೂ ಬಂಡೆಯ ಮೇಲೆ ಉಜ್ಜಿ, ಉಗುಳಿ, ಆರಿತೋ ಇಲ್ಲವೋ ಅಂತ ಬೆರಳಲ್ಲಿ ಮುಟ್ಟಿ ನೋಡುವವನು. ಎರಡು ದಿನದ ಮೇಲೆ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ. ನನಗೆ ಎಷ್ಟು ಸಂಕಟವಾಗಿತ್ತೆಂದರೆ, ಮಾರನೆಯ ದಿನ ಅವನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದೆ. "ಅಪ್ಪ, ಹೊಗೆ ಕಂಡೇಟಿಗೆ ಫೋನ್ ಆರಿಸಿಡು. ಫಾರೆಸ್ಟ್‌ನೋರು ಮೈಕಿನಾಗೆ ಕೂಗಿದ್ರೂ ಓ ಅನ್ಬ್ಯಾಡ. ಕರಡಿಹಳ್ಳದ ಬಂಡೆಗುಳಿಗೆ ಕುರಿ ಇಳಿಸಿ ಸುಮ್ನೆ ಕುಂತ್ಕ. ಬೆಂಕಿ ಆರಿದ ಮ್ಯಾಲೆ ಬಾ."

ಅಪ್ಪ ಹೇಳಿದ್ದನ್ನು ಮರೆಯುವವನಲ್ಲ. ಹಟ್ಟಿಯ ಬೇರೆ ಕುರಿಯವರಿಗೂ ಇದನ್ನೇ ಕಲಿಸಿದೆ. ಒಳ್ಳೆಯ ಉಪಾಯ ಹೇಳಿದೆ ಕಣವ್ವ ಅಂತ ಎಲ್ಲರೂ ಹೊಗಳಿದ್ದರು. ಅವತ್ತು ಉಳಿದ ಕುರಿಯವರೆಲ್ಲ ಅದೃಷ್ಟಕ್ಕೆ ಕೆರೆಯ ಕಡೆ ಹೋಗಿದ್ದರು. ಗುಡ್ಡದಲ್ಲಿ ಇದ್ದವನು ನಮ್ಮಪ್ಪ ಒಬ್ಬನೇ.

ಆದರೂ ಮಧ್ಯಾಹ್ನದವರೆಗೆ ನನಗೆ ಅಷ್ಟು ಭಯವಾಗಿರಲಿಲ್ಲ. ಫ್ಯಾನುಗಳು ಗಾಳಿ ಬರುವ ಕಡೆಗೆ ಮುಖ ತಿರುಗಿಸಿಕೊಳ್ಳುತ್ತವೆ, ಅದನ್ನು ನೋಡಿಯೇ ನಾವು ಗಾಳಿ ತಿಳಿಯುವುದು. ಆಗ ಅವು ಮೂಡಣಕ್ಕೆ, ನಮ್ಮ ಕಡೆಗೆ ಮುಖ ಮಾಡಿದ್ದವು. ಅಂದರೆ ಬೆಂಕಿ ಆ ಕಡೆಗೆ, ಹೊಸದುರ್ಗದ ಮಗ್ಗುಲಿಗೆ ಹೋಗುತ್ತಿತ್ತು. ಆದರೂ ಯಾರಿಗಾದರೂ ಹೇಳಬೇಕಲ್ಲ? ಗೋಡೆಯ ಮೇಲೆ ಬರೆದಿದ್ದ ಸಹಾಯವಾಣಿಗೆ ಫೋನ್ ಮಾಡಿದೆ.

"ಯಾವ ತಾಲ್ಲೂಕು ಮೇಡಂ?"

"ಗುಡ್ಡ ಮೂರು ತಾಲ್ಲೂಕಿಗೂ ಬರ್ತೈತ್ರಿ. ನಮ್ಮಪ್ಪ ಮ್ಯಾಲದಾನೆ."

"ಬೆಂಕಿ ಎಲ್ಲೈತೆ ಹೇಳ್ರಿ."

"ನೆತ್ತಿಮ್ಯಾಲೆ, ಫ್ಯಾನಿನ ಹತ್ರ."

"ಅದು ನಮಗೆ ಬರಲ್ಲ, ಅವರಿಗೆ ಮಾಡ್ರಿ." ಒಂದು ನಂಬರು ಕೊಟ್ಟರು. ಅಲ್ಲಿಯವರು ಬೆಂಕಿ ನಮ್ಮದೇ, ಆದರೆ ನಿಮ್ಮಪ್ಪ ಇರುವ ಹಳ್ಳ ನಮ್ಮದಲ್ಲ ಎಂದರು. ಮೂರನೆಯ ನಂಬರಿನವರು ಊಟಕ್ಕೆ ಹೋಗಿದ್ದರು. ಊಟ ಮಾಡಲಿ, ಯಾರು ಬೇಡ ಅಂದರು, ಆದರೆ ಫೋನ್ ಎತ್ತಿದವನಿಗೆ ಬರೆದುಕೊಳ್ಳಲು ಒಂದು ಪೆನ್ನೂ ಸಿಗಲಿಲ್ಲ. ಬೆಂಕಿಗೆ ತಾಲ್ಲೂಕಿನ ಗಡಿಕಲ್ಲು ಕಾಣಿಸುತ್ತದೆಯೇನ್ರಿ ಅಂತ ಕೂಗಾಡಿದೆ. ಅತ್ತ ಫೋನ್ ಇಟ್ಟ ಸದ್ದು ಕೇಳಿಸಿತು.

ಮೂರು ಗಂಟೆ ಹೊತ್ತಿಗೆ ಫ್ಯಾನುಗಳು ನಿಂತವು. ಆಮೇಲೆ ನಿಧಾನಕ್ಕೆ, ಒಂದೊಂದಾಗಿ, ಪಡುವಣಕ್ಕೆ ತಿರುಗಿ ಮತ್ತೆ ಸುತ್ತತೊಡಗಿದವು. ಈಗ ಬೆಂಕಿ ನಮ್ಮ ಕಡೆಗೆ ಇಳಿಯುತ್ತದೆ. ಕರಡಿಹಳ್ಳ ಇರುವುದು ನಮ್ಮ ಮಗ್ಗುಲಿನಲ್ಲಿ.

ಆಗ ಹಟ್ಟಿ ಖಾಲಿ ಮಾಡಿಸಲು ಪಂಚಾಯ್ತಿಯವರು ಕಳಿಸಿದ್ದು ಯಾವುದನ್ನು ಗೊತ್ತೇ? ಕಸದ ಗಾಡಿಯನ್ನು. ಪಂಚಾಯ್ತಿಯಲ್ಲಿ ಮೈಕಿರುವ ಗಾಡಿ ಅದೊಂದೇ. ಅದನ್ನು ಓಡಿಸುವ ಮಮತಕ್ಕ ಒಳ್ಳೆಯವಳು, ಆದರೆ ಮೈಕಿನ ಗುಂಡಿ ಒತ್ತಿದರೆ ಮೊದಲು ಹಸಿ ಕಸ ಒಣ ಕಸದ ಹಾಡು ಬಂದೇ ಬರುತ್ತದೆ. ಹಾಡು ಕೇಳಿ ನಮ್ಮ ಹೆಂಗಸರೆಲ್ಲ ಬಕೆಟ್ ಹಿಡಿದುಕೊಂಡು ಹೊರಗೆ ಬಂದರು. "ಇವತ್ತು ಮಂಗಳವಾರ ಅಲ್ಲೇನೇ, ಗಾಡಿ ಯಾಕ್ ಬಂತು?" ಎಂದಳು ಒಬ್ಬಳು. ಮಮತಕ್ಕ ಹಾಡಿನ ಮೇಲೆಯೇ ಕಿರುಚಿದಳು: "ಕಸ ಅಲ್ರವ್ವಾ, ಬೆಂಕಿ! ಎಲ್ರೂ ಇಸ್ಕೂಲಿಗೆ ನಡೀರಿ!" ಅಷ್ಟರಲ್ಲಿ ಗ್ರೂಪಿನಲ್ಲಿ ಯಾರೋ ಸ್ಕೂಲಲ್ಲ, ಸಮುದಾಯ ಭವನ ಎಂದು ಹಾಕಿದರು. ಅರ್ಧ ಜನ ಅತ್ತ, ಅರ್ಧ ಜನ ಇತ್ತ. ಸಮುದಾಯ ಭವನಕ್ಕೆ ಬೀಗ ಹಾಕಿ ಎರಡು ವರ್ಷವಾಗಿದೆ ಅಂತ ಮೂರು ಸಲ ಬರೆದೆ, ಯಾರು ಓದುತ್ತಾರೆ?

ಇನ್ನು ನಮ್ಮವ್ವ ಯಲ್ಲಕ್ಕ. ಜುಂಜೇಶನ ಟ್ರ್ಯಾಕ್ಟರು ಬಾಗಿಲಿಗೆ ಬಂದು ನಿಂತರೆ ಅವಳು ಮರಿಗೂಡಿನ ಒಳಗೆ. ಎರಡು ಕೈಯಲ್ಲಿ ಎರಡು ಮರಿ, ಕಂಕುಳಲ್ಲಿ ಒಂದು. ಕುರಿಗಳು ಮೇಯಲು ಹೋದರೆ ಎಳೆಮರಿಗಳು ಮನೆಯಲ್ಲೇ ಉಳಿಯುತ್ತವೆ, ಸಂಜೆ ತಾಯಂದಿರು ಬಂದ ಮೇಲೆ ಬಿಡುವುದು. ಮೂವತ್ತು ಮರಿಗಳಿದ್ದವು.

"ಅವ್ವ, ಮರಿ ಬಿಡು, ಹತ್ತು ಮೊದ್ಲು! ಜನಕ್ಕೇ ಜಾಗ ಇಲ್ಲ."

"ನೀನು ಹತ್ಕ ಹೋಗು. ಸಂಜಿಗೆ ಕುರಿ ಬಂದು ಮರಿ ಎಲ್ಲಿ ಅಂದ್ರೆ ನಾನೇನು ಹೇಳ್ಲಿ?"

"ಕುರಿ ಬಂದು ನಿನ್ನ ಕೇಳ್ತಾವಾ?"

"ನಿನಗೇನ್ ಗೊತ್ತಾಗುತ್ತೆ, ಪುಸ್ತಕದ ಹುಳ" ಎಂದು ಮರಿಯನ್ನು ನನ್ನ ಕೈಗೇ ತುರುಕಿದಳು. ಬೈದುಕೊಂಡೇ ಮೂವತ್ತನ್ನೂ ಟ್ರ್ಯಾಕ್ಟರಿಗೆ ಎತ್ತಿಹಾಕಿದೆ. ಜನರ ಕಾಲಸಂದಿಯಲ್ಲಿ ಅವು ಉಚ್ಚೆ ಹೊಯ್ದುಕೊಂಡು ಅರಚಿಕೊಂಡು ಸ್ಕೂಲಿಗೆ ಬಂದವು.

ಸ್ಕೂಲಿನಲ್ಲಿ ಫಾರೆಸ್ಟ್ ಗಾರ್ಡ್ ರಂಗಸ್ವಾಮಿ ನಿಂತಿದ್ದ. ನಲವತ್ತರ ಆಸುಪಾಸಿನ ಮನುಷ್ಯ, ಆದಿವಾಲದ ಕಡೆಯವನು, ಅಂಗಿಗೆಲ್ಲ ಮಸಿ. ಕೈಯಲ್ಲೊಂದು ಪಟ್ಟಿ ಹಿಡಿದು ಮನೆಮನೆಯ ತಲೆ ಎಣಿಸುತ್ತಿದ್ದ. ನಾನು ಓಡಿಹೋದೆ.

"ಸರ್, ನಮ್ಮಪ್ಪ ಮ್ಯಾಲದಾನೆ. ಕುರಿ ಜೊತೆ."

"ಯಾರೂ ಇಲ್ಲ ಕಣಮ್ಮ. ಕೆರೆ ಏರಿಮ್ಯಾಲೆ ನಿಂತು ಮೈಕಿನಾಗೆ ಅರ್ಧ ಗಂಟೆ ಕೂಗಿದೀವಿ. ಒಂದು ನರಪಿಳ್ಳೆ ಓ ಅಂದಿಲ್ಲ. ಗುಡ್ಡ ಖಾಲಿ ಅಂತ ವರದಿ ಹೋಗೈತೆ."

"ನೀವು ಕೂಗಿದ್ರೆ ಓ ಅನ್ನಲ್ಲ ಸರ್."

"ಯಾಕೆ, ಕಿವಿ ಕೇಳ್ಸಲ್ವಾ?"

ಹೇಳಲೇಬೇಕಾಯಿತು. ಎಲ್ಲ ಹೇಳಿದೆ. ಫೋನ್ ಆರಿಸಿಡು ಅಂದಿದ್ದು, ಹಳ್ಳದಲ್ಲಿ ಅಡಗು ಅಂದಿದ್ದು. ನೀವು ಹೆಚ್ಚು ಕೂಗಿದಷ್ಟೂ ಅವನು ಹೆಚ್ಚು ಒಳಗೆ ಹೋಗಿರುತ್ತಾನೆ ಎಂದೆ. ರಂಗಸ್ವಾಮಿ ನನ್ನ ಮುಖವನ್ನೇ ನೋಡಿದ. ಬೈಯಲಿ ಅಂತ ಕಾದೆ, ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನು ತಲೆ ಮೇಲಿನ ಟೋಪಿ ತೆಗೆದು ಬೆವರು ಒರೆಸಿಕೊಂಡ.

"ಕರಡಿಹಳ್ಳದ ಮ್ಯಾಲುಗಡೆ ಹುಲ್ಲು ಹತ್ಕೊಂಡೈತೆ" ಎಂದ ಸಣ್ಣ ದನಿಯಲ್ಲಿ. "ಇನ್ನೊಂದು ಗಂಟಿಗೆ ಬಂಡೆವರ್ಗೂ ಬರ್ತದೆ. ಬೆಂಕಿ ಬ್ಯಾಡ, ಹೊಗೆ ಸಾಕು ಅಲ್ಲಿ."

"ನಾನು ಹೋಗಿ ಕೂಗ್ತೀನಿ."

"ಹೆಂಗ್ ಹೋಗ್ತೀಯ? ಆ ಹೊಗ್ಯಾಗೆ ಹಳ್ಳದ ಒಳಗೆ ನಾನೇ ಇಳಿಯಾಕಾಗ್ಲಿಲ್ಲ. ಮೈಕಿನಾಗೆ ಕೂಗಿದ್ರೂ ನಿನ್ನ ದನಿ ಅಂತ ಗೊತ್ತಾಗುತ್ತಾ ಅವ್ನಿಗೆ? ನಾವೇ ಯಾರ್ನೋ ಹೆಣ್ಣುಮಗಳ್ನ ತಂದು ಕೂಗಿಸ್ತಿದೀವಿ ಅಂದ್ಕಂತಾನೆ."

ಅದು ನಿಜ. ಅಂಥದ್ದನ್ನೂ ನಾನೇ ಹೇಳಿಕೊಟ್ಟಿದ್ದೆ. "ನಮ್ಮ ದನೀಲಿ ಕರೆದ್ರೂ ನಂಬಬ್ಯಾಡ, ಏನಾದ್ರೂ ಮಾಡಿ ಕರೆಸ್ತಾರೆ ಅವರು" ಅಂತ. ಎಷ್ಟು ಬುದ್ಧಿವಂತೆ ನಾನು! ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಸ್ಕೂಲಿನ ಅಂಗಳದಲ್ಲಿ ಮೂವತ್ತು ಮರಿಗಳು ಒಂದೇ ಸಮನೆ ಅರಚುತ್ತಿದ್ದವು, ತಲೆ ಚಿಟ್ಟು ಹಿಡಿಯಿತು.

"ಅವ್ವಾ, ಅವುಕ್ಕೆ ಬಾಯಿ ಮುಚ್ಚಾಕೆ ಹೇಳೇ!" ಎಂದು ಕಿರುಚಿದೆ.

"ಹೆಂಗ್ ಮುಚ್ಚುತಾವೆ? ನಾಕೂವರೆ ಆತು. ಹೊಟ್ಟಿ ಹಸ್ದೈತೆ. ಅತ್ಲಾಗೆ ಅವುಗಳ ತಾಯಿಗೂ ಕೆಚ್ಚಲು ಬಿಗ್ದಿರ್ತೈತೆ. ಈ ಹೊತ್ನಾಗೆ ಮರಿ ದನಿ ಕೇಳಿದ್ರೆ ಆ ಕುರಿ ಯಾರಪ್ಪ ಹಿಡುದ್ರೂ ನಿಲ್ಲಲ್ಲ" ಎಂದಳು ಅವ್ವ, ಸೆರಗಿನಿಂದ ಒಂದು ಮರಿಯ ಮೂಗು ಒರೆಸುತ್ತ.

ನಾನು ರಂಗಸ್ವಾಮಿಯನ್ನು ನೋಡಿದೆ. ಅವನು ಕಸದ ಗಾಡಿಯ ನೆತ್ತಿಯ ಮೇಲಿನ ಮೈಕನ್ನು ನೋಡುತ್ತಿದ್ದ.

"ಕುರಿ ಬಂದ್ರೆ ಅಪ್ಪ ಬರ್ತಾನೆ ಸರ್" ಎಂದೆ. "ಕುರಿ ಬಿಟ್ಟು ಒಂದು ಗಳಿಗೆ ಇರಲ್ಲ ಅವನು. ಆದ್ರೆ ಒಂದು ಮಾತು ಕೊಡ್ರಿ. ಕೆಳಗೆ ಬಂದ ಮ್ಯಾಲೆ ಅವನ ಹೆಸ್ರು ಬರ್ಕಬಾರ್ದು. ಆಫೀಸಿಗೆ ಕರ್ಕಂಡು ಹೋಗ್ಬಾರ್ದು."

"ಆತು ಕಣಮ್ಮ, ನನ್ನಾಣೆ ಬರ್ಕಳಲ್ಲ. ಮೊದ್ಲು ಜೀವ ಉಳೀಲಿ. ಹತ್ರಿ, ಹೋಗಾಣ."

ಬೆಂಕಿಗೆಂದು ಮುಚ್ಚಿಸಿದ್ದ ಗುಡ್ಡದ ದಾರಿಯಲ್ಲಿ ಕಸದ ಗಾಡಿ ಹೊರಟಿತು. ಮಮತಕ್ಕ ಸ್ಟೀರಿಂಗ್ ಹಿಡಿದಿದ್ದಳು, ಪಕ್ಕದಲ್ಲಿ ರಂಗಸ್ವಾಮಿ, ಹಿಂದೆ ಕಸ ಹಾಕುವ ಡಬ್ಬಿಯಲ್ಲಿ ಅವ್ವ, ನಾನು, ಹನ್ನೆರಡು ಮರಿ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದರೂ ಹೊಗೆ ಗಂಟಲಿಗೆ ಇಳಿಯುತ್ತಿತ್ತು. ಕರಡಿಹಳ್ಳ ಬಯಲಿಗೆ ಬಂದು ಸೇರುವ ಜಾಗದಲ್ಲಿ ಗಾಡಿ ನಿಲ್ಲಿಸಿದೆವು. ಮೇಲೆ ಹುಲ್ಲಿನ ಉದ್ದಕ್ಕೂ ಕೆಂಪು ಗೆರೆ ಎದ್ದು ಕಾಣುತ್ತಿತ್ತು. ಪೊರಕೆಯ ಹಂಚಿಕಡ್ಡಿ ಉರಿದು ಸಿಡಿದ ಹಾಗೆ ಚಟಪಟ ಸದ್ದು. ಮಮತಕ್ಕ ಗುಂಡಿ ಒತ್ತಿದಳು, ಹಸಿ ಕಸ ಒಣ ಕಸ ಬೇರೆ ಮಾಡಿ ಎಂದು ಹಾಡು ಶುರುವಾಯಿತು.

"ಅದನ್ನ ನಿಲ್ಸೇ ಮಾರಾಯ್ತಿ!"

"ನಿಲ್ಲಲ್ಲ ಕಣೇ, ಮುಗೀಬೇಕು ಅದು!"

ನನಗೆ ಅಳು ಬಂತು. ಸಿಟ್ಟಿಗೆ ಬಂದ ಅಳು. ನಮ್ಮಪ್ಪ ಹೊಗೆಯಲ್ಲಿ ಕೆಮ್ಮುತ್ತಿರುವಾಗ ಆ ಹಾಡು ಒಂದು ಚರಣ, ಎರಡು ಚರಣ, ಕೊನೆಗೆ ಸ್ವಚ್ಛತೆಯ ಘೋಷಣೆ, ಎಲ್ಲವನ್ನೂ ಹೇಳಿ ಮುಗಿಸಿತು. ಅದು ನಿಂತ ಕೂಡಲೇ ಮಮತಕ್ಕ ಚಾಚಿದ ಕೈಮೈಕಿಗೆ ಮರಿಯೊಂದರ ಮೂತಿಯನ್ನು ಹಿಡಿದೆ. ಅಲ್ಲಿಯವರೆಗೆ ಕಿವಿ ತೂತಾಗುವಂತೆ ಅರಚುತ್ತಿದ್ದ ಮರಿ ಈಗ ಬಾಯಿ ಮುಚ್ಚಿಕೊಂಡು ಮೈಕನ್ನು ನೆಕ್ಕತೊಡಗಿತು.

"ಕೊಡಿಲ್ಲಿ" ಎಂದು ಅವ್ವ ಅದನ್ನು ಕಿತ್ತುಕೊಂಡು, ಬಾಯಿಗೆ ಬೆರಳು ಕೊಟ್ಟು ಎರಡು ಸಲ ಚೀಪಿಸಿ, ಸರಕ್ಕನೆ ಎಳೆದುಕೊಂಡಳು. ಹಾಲು ಬರಲಿಲ್ಲವಲ್ಲ, ಮರಿ ಕೂಗಿದ ಕೂಗಿಗೆ ಗುಡ್ಡವೇ ಬ್ಯಾ ಎಂದಿತು. ಅದನ್ನು ಕೇಳಿ ಉಳಿದ ಹನ್ನೊಂದೂ ಶುರುಮಾಡಿದವು. ಅವ್ವ ಒಂದಾದ ಮೇಲೊಂದರ ಬಾಯಿ ಹಿಡಿದು ಮೈಕಿಗೆ ಕೊಟ್ಟಳು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ರಂಗಸ್ವಾಮಿ ಗಡಿಯಾರ ನೋಡಿಕೊಂಡ. ಇನ್ನು ಐದು ನಿಮಿಷ, ಆಮೇಲೆ ಗಾಡಿ ತಿರುಗಿಸಬೇಕು ಎಂದ. ಐದು ನಿಮಿಷವಲ್ಲ, ನಾಳೆಯವರೆಗೂ ನಾನು ಹೋಗುವುದಿಲ್ಲ ಎಂದೆ. ಆಗ ಹೊಗೆಯೊಳಗಿಂದ ಒಂದು ದೊಡ್ಡ ದನಿ ಕೇಳಿಸಿತು, ಅದರ ಹಿಂದೆ ಇನ್ನೊಂದು. "ನಮ್ಮ ಕರಿಕಿವೀದು!" ಎಂದಳು ಅವ್ವ. ಹಳ್ಳದ ಬಾಯಿಂದ ಕರಿಕಿವಿಯ ಕುರಿಯೊಂದು ಬಾಣದಂತೆ ಬಂತು. ಅದರ ಹಿಂದೆ ಹತ್ತು, ಇಪ್ಪತ್ತು, ಆಮೇಲೆ ಹಿಂಡಿಗೆ ಹಿಂಡೇ, ಕೆಚ್ಚಲು ಅಲ್ಲಾಡಿಸಿಕೊಂಡು, ಕೆಮ್ಮಿಕೊಂಡು, ಒಂದರ ಮೇಲೊಂದು ಬಿದ್ದು. ಮರಿ ಇಲ್ಲದ ಕುರಿಗಳೂ ಓಡುವವುಗಳ ಹಿಂದೆ ಓಡಿಬಂದವು.

ಕೊನೆಯಲ್ಲಿ ಅಪ್ಪ. ತಲೆಯ ಮೇಲೆ ಕಂಬಳಿ, ಕೈಯಲ್ಲಿ ದೊಣ್ಣೆ, ಬಾಯಲ್ಲಿ ಬೈಗುಳ. "ಯಾವನೋ ಅವ್ನು ನನ್ನ ಮರಿ ಹಿಡ್ಕಂಡಿರೋನು!" ಎನ್ನುತ್ತ ಓಡಿಬಂದವನು ರಂಗಸ್ವಾಮಿಯ ಖಾಕಿ ಕಂಡು ಗಕ್ಕನೆ ನಿಂತ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಅವನ ಹಿಂದೆ ಹತ್ತು ಮಾರು ದೂರದಲ್ಲಿ ಪೊದೆಯೊಂದು ಭಗ್ಗೆಂದು ಹತ್ತಿಕೊಂಡಿತು.

"ಅಪ್ಪಾ! ನಾನು ಕಣಪ್ಪ, ಕಾವ್ಯ. ಬಾ. ಏನೂ ಮಾಡಲ್ಲ ಇವರು. ಮಾತು ಕೊಟ್ಟವ್ರೆ. ನನ್ನ ನಂಬು, ಬಾ!"

ಅವನು ನನ್ನನ್ನು ನೋಡಿದ. ರಂಗಸ್ವಾಮಿಯನ್ನು ನೋಡಿದ. ಆಮೇಲೆ ದೊಣ್ಣೆ ಇಳಿಸಿ ನನ್ನ ಕಡೆಗೆ ನಡೆದು ಬಂದ. ಹುಬ್ಬಿನ ಕೂದಲು ಸುಟ್ಟು ಕಮಟು ವಾಸನೆ ಬರುತ್ತಿತ್ತು. ಅವನ ತೋಳು ಹಿಡಿದುಕೊಂಡಾಗ ನನಗೆ ಬೇರೇನೂ ಬೇಕಾಗಿರಲಿಲ್ಲ. ಅವ್ವ ನೀರಿನ ಬಾಟಲಿ ಕೊಟ್ಟು ಅವನ ಬೆನ್ನಿಗೊಂದು ಗುದ್ದಿದಳು.

ಸ್ಕೂಲಿನ ಅಂಗಳಕ್ಕೆ ಕುರಿ ಹೊಡೆದುಕೊಂಡು ಬರುವಷ್ಟರಲ್ಲಿ ಅಲ್ಲೊಂದು ಜೀಪು ನಿಂತಿತ್ತು. ದೊಡ್ಡ ಸಾಹೇಬರು. ಯಾವ ಆಫೀಸು, ಎಲ್ಲಿಯವರು ಅಂತ ನನಗೆ ಗೊತ್ತಿಲ್ಲ, ಅಂಗಿಗೆ ಒಂದು ಚುಕ್ಕೆ ಮಸಿ ಇರಲಿಲ್ಲ. ಗುಡ್ಡ ಖಾಲಿ ಎಂದು ಅವರೇ ಮೇಲಿನವರಿಗೆ ಹೇಳಿದ್ದರಂತೆ.

"ಖಾಲಿ ಆಗಿದ್ದ ಗುಡ್ಡದಿಂದ ಇವನು ಹೇಗೆ ಬಂದ?" ಎಂದು ಕೇಳಿದರು. "ಕರೆದರೂ ಬರದೆ ಯಾಕೆ ಬಚ್ಚಿಟ್ಟುಕೊಂಡಿದ್ದ? ಹೆಸರು ಬರ್ಕೊಳ್ರಿ."

"ಸರ್, ಅವನು ಹಚ್ಚಿಲ್ಲ. ಬೆಂಕಿ ಬಿದ್ದಿದ್ದು ನೆತ್ತಿಮ್ಯಾಲೆ..." ಎಂದು ರಂಗಸ್ವಾಮಿ ತೊದಲಿದ.

"ಅದನ್ನ ವಿಚಾರಣೆ ಮಾಡಿ ತಿಳ್ಕೊಳ್ಳೋಣ. ಬರ್ಕೊಳ್ರಿ ಅಂದೆ."

ನಾನು ನಡುವೆ ನುಗ್ಗಿದೆ. ಅಡಗಲು ಹೇಳಿದ್ದು ನಾನು, ನನ್ನ ಹೆಸರು ಬರೆದುಕೊಳ್ಳಿ, ನನ್ನನ್ನು ಕರೆದುಕೊಂಡು ಹೋಗಿ ಅಂತ ಬಾಯಿಗೆ ಬಂದದ್ದೆಲ್ಲ ಕೂಗಿದೆ. ಮಾತು ಕೊಟ್ಟಿದ್ದಿರಲ್ಲ ಸರ್, ನನ್ನಾಣೆ ಅಂದಿರಲ್ಲ ಅಂತ ರಂಗಸ್ವಾಮಿಯ ಅಂಗಿ ಹಿಡಿದೆ. ಅವನು ನನ್ನ ಕೈ ಬಿಡಿಸಿಕೊಳ್ಳಲಿಲ್ಲ. ಕಣ್ಣಲ್ಲಿ ನೀರಿತ್ತು, ಆದರೂ ಜೇಬಿನಿಂದ ಪೆನ್ನು ತೆಗೆದ. ಆ ನೀರು ತೆಗೆದುಕೊಂಡು ನಾನೇನು ಮಾಡಲಿ?

ಅಪ್ಪ ಯಾವ ಮರಿ ಯಾವ ತಾಯಿಗೆ ಸೇರಿತು ಅಂತ ಒಮ್ಮೆ ಕಣ್ಣಾಡಿಸಿ ನೋಡಿದ. ದೊಣ್ಣೆಯನ್ನು ಅವ್ವನ ಕೈಗೆ ಕೊಟ್ಟ. ಜೀಪಿನ ಹಿಂದಿನ ಸೀಟಿಗೆ ತಾನೇ ಹತ್ತಿ, ಕಂಬಳಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತ. ನಾನು ಜೀಪಿನ ಕಂಬಿ ಹಿಡಿದು ನಿಂತೆ.

ಆಮೇಲೆ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಮೇವಿನ ವಿಷಯ ಕೇಳಿದ ಹಾಗೆ ಕೇಳಿದ.

"ಇನ್ನು ಮುಂದೆ ನೀನು ಕರೆದ್ರೆ ನಾನು ಬರ್ಬೇಕಾ ಬ್ಯಾಡ್ವಾ ಕಾವ್ಯ? ಅದೊಂದು ಹೇಳ್ಬಿಡವ್ವ."

ಬರಬೇಕು ಅಪ್ಪ, ಅಂತ ಹೇಳಬೇಕಿತ್ತು. ಗುಡ್ಡ ಅಲ್ಲೇ ಇದೆ, ಮುಂದಿನ ಬೇಸಿಗೆಯೂ ಬರುತ್ತದೆ, ಆಗಲೂ ಅವನು ಕುರಿ ಹೊಡೆದುಕೊಂಡು ಅಲ್ಲಿಗೇ ಹೋಗುತ್ತಾನೆ. ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಡ್ರೈವರ್ ಕೈ ತೆಗಿಯಮ್ಮ ಎಂದ, ತೆಗೆದೆ.